ಮುಂದೆ ಕಟ್ಟುವ ಅಂಗಿ

ಮನೆಯಿಂದ, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೆ? ಅಳಿಯಂದಿರ ಕೆಮ್ಮು ಕಡಿಮೆಯಾಯಿತೇ? ಫೋನಿನಲ್ಲಿ ನಿನ್ನ ಧ್ವನಿ ಕೇಳಿದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಲಿಲ್ಲವೆಂದು ಬೈಯಬೇಡ. ಹೋದ ವಾರ ನನ್ನ ಗರ್ಭಕೋಶ ತೆಗೆದರು. ರಕ್ತ ನಿಲ್ಲುತ್ತಿರಲಿಲ್ಲ, ಗಡ್ಡೆ ಇತ್ತು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದಾರೆ, ವರದಿ ಇನ್ನೂ ಬಂದಿಲ್ಲ. ನಿನ್ನ ಅಜ್ಜಿ ಹೊಟ್ಟೆನೋವು ಹೊಟ್ಟೆನೋವು ಎನ್ನುತ್ತಲೇ ಹೋದವಳು, ಏನು ಎತ್ತ ಎಂದು ಯಾರೂ ವಿಚಾರಿಸಲಿಲ್ಲ. ಆ ವರದಿ ನೆನೆದಾಗಲೆಲ್ಲ ಅವಳೇ ಕಣ್ಣ ಮುಂದೆ ಬರುತ್ತಾಳೆ.

ಆಸ್ಪತ್ರೆಗೆ ಹೋಗುವ ಮುಂಚೆ ಒಪ್ಪಿಕೊಂಡ ಬಟ್ಟೆಗಳನ್ನೆಲ್ಲ ಹೊಲಿದು ಮುಗಿಸಿದೆ, ಟೀಚರಮ್ಮನ ಕೋಟೊಂದು ಬಿಟ್ಟು. ಕೊನೆಗೆ ಆಪರೇಷನ್ ಆದಮೇಲೆ ಹಾಕಿಕೊಳ್ಳಲು ನನಗೇ ಒಂದು ಅಂಗಿ ಹೊಲಿದುಕೊಂಡೆ, ಮುಂದುಗಡೆ ಲಾಡಿ ಕಟ್ಟುವಂಥದ್ದು. ಊರವರ ಸೊಂಟವನ್ನೆಲ್ಲ ಅಳೆದವಳಿಗೆ ತನ್ನ ಹೊಟ್ಟೆ ಊದೀತೆಂದು ಹೊಳೆಯಲೇ ಇಲ್ಲ. ಲಾಡಿಗಳು ಒಂದಕ್ಕೊಂದು ಎಟುಕಲಿಲ್ಲ. ವಾರ್ಡಿನ ನರ್ಸು ನೋಡಿ, "ಯಾರಮ್ಮಾ ನಿಮ್ಮ ಟೈಲರು? ಬಟ್ಟೆ ಕದ್ದಿದ್ದಾನೆ ನೋಡಿ" ಅಂದಳು. ನಗಬಾರದಿತ್ತು, ನಕ್ಕುಬಿಟ್ಟೆ. ಜೀವ ಹೋದಷ್ಟು ನೋವಾಯಿತು.

ಇನ್ನು ನಿಮ್ಮಪ್ಪನ ಕಥೆ. "ಭಾರ ಎತ್ತಬೇಡಿ, ಬಗ್ಗಬೇಡಿ" ಎಂದು ಡಾಕ್ಟರು ಹೇಳಿದ್ದರಲ್ಲಿ ಅರ್ಧ ಮಾತ್ರ ಅವರ ಕಿವಿಗೆ ಬಿದ್ದಿದೆ. ಗೋಡೌನಿನಲ್ಲಿ ಮೂಟೆ ಜೋಡಿಸಿದ ಬುದ್ಧಿ ಎಲ್ಲಿ ಹೋಗುತ್ತದೆ? ಭಾರವೆಲ್ಲ ಕೆಳಗಿರಬೇಕು. ಅಡುಗೆಮನೆಯ ಪಾತ್ರೆಗಳನ್ನೆಲ್ಲ ಮೇಲಿನಿಂದ ಇಳಿಸಿ ನೆಲದ ಮೇಲೆ ಸಾಲಾಗಿ ಜೋಡಿಸಿದ್ದಾರೆ. ಈಗ ಒಂದು ಲೋಟ ಬೇಕೆಂದರೂ ಬಗ್ಗಬೇಕು. ಅಷ್ಟು ಅಕ್ಕರೆಯಿಂದ ಮಾಡಿದವರಿಗೆ ಹೇಗೆ ಹೇಳಲಿ? ಗೋಡೆ ಹಿಡಿದು, ಹಲ್ಲು ಕಚ್ಚಿಕೊಂಡು ಬಗ್ಗುತ್ತೇನೆ. ಅವರು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ, ನನಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದಾರೆ. ನನಗೂ ಭಯವೇ, ಪುಟ್ಟೀ. ನೀನು ಒಂಬತ್ತು ತಿಂಗಳು ಇದ್ದ ಜಾಗ ಅದು, ಈಗ ಇಲ್ಲ ಅಂದರೆ ಸಂಕಟವಾಗುತ್ತದೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಮೈಗೆ ಯಾವ ನೋವೂ ತಾಗದಿರಲಿ.

ನಿನ್ನ
ಅಮ್ಮ

ಮತ್ತೆ: ಲಕೋಟೆ ಅಂಟಿಸಿರಲಿಲ್ಲ, ಅಷ್ಟರಲ್ಲಿ ಸೋಮವಾರ ವರದಿ ಬಂತು. ಒಳ್ಳೆಯದಲ್ಲ. ನನಗೆ ಇನ್ನೂ ಚಿಕಿತ್ಸೆ ಇದೆ, ಅದು ನನ್ನ ಪಾಡು. ಡಾಕ್ಟರು ಮೊದಲು ಕೇಳಿದ್ದು, "ನಿಮಗೆ ಮಗಳಿದ್ದಾಳಾ?" ಅಂತ. ತಾಯಿಯಿಂದ ಮಗಳಿಗೆ ಇಳಿದು ಬರಬಹುದಂತೆ. ಈ ವಾರವೇ ಹೋಗಿ ತೋರಿಸಿಕೋ. ರಜೆ ಇಲ್ಲ, ನಾಚಿಕೆ ಅಂತೆಲ್ಲ ನೆಪ ಹೇಳಬೇಡ. ನನ್ನ ಅಂಗಿಯಲ್ಲಿ ಉಳಿದ ಬಟ್ಟೆ ಮುಂದಿಟ್ಟುಕೊಂಡು ಕೂತಿದ್ದೆ, ಯಾವ ಮಾಯದಲ್ಲೋ ನಿನ್ನ ಅಳತೆಗೆ ಅಂಥದ್ದೇ ಅಂಗಿ ಕತ್ತರಿಸಿಬಿಟ್ಟಿದ್ದೇನೆ. ಹೊಲಿಯಲು ಕೈ ಬರಲಿಲ್ಲ. ನಿನಗೇನೂ ಇಲ್ಲವೆಂದು ಬರೆ, ಅದನ್ನು ಹರಿದು ನೆಲ ಒರೆಸುತ್ತೇನೆ.