ಅಮ್ಮನ ಹದಿನಾಲ್ಕು ಗುಂಡುಸೂಜಿ

ಹಾಸ್ಟೆಲ್, ರೂಮ್ ೨೧೪
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು “ಸಾರಿ” ಕೇಳುತ್ತೇನೆ. ಫೋನ್ ಇರುವಾಗ ಇದೇನು ಹೊಸ ನಾಟಕ ಅಂತ ನಿಮಗೆ ಅನಿಸಬಹುದು. ಫೋನಿನಲ್ಲಿ ನೀವು “ಊಟ ಆಯ್ತಾ?” ಅನ್ನುತ್ತೀರಿ, ನಾನು “ಆಯ್ತು” ಅನ್ನುತ್ತೇನೆ, ಅಲ್ಲಿಗೆ ನನ್ನ ಸಿಟ್ಟು ಠುಸ್. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಪಾರ್ಸೆಲ್ ತಲುಪಿ ಹನ್ನೊಂದು ದಿನವಾದರೂ ತಿಳಿಸಲಿಲ್ಲ, ಅದಕ್ಕೂ ಸಾರಿ. (ಇಷ್ಟು “ಸಾರಿ” ಸಾಕು. ಇನ್ನು ಕೇಳುವುದಿಲ್ಲ.)

ಬಿಡಿಭಾಗ ಜೋಡಿಸಿ ಬಣ್ಣ ಹಚ್ಚುವ ಆ ಪುಟಾಣಿ ವಿಮಾನದ ಕಿಟ್ ಕಳಿಸಿ ಅಂದವಳು ನಾನೇ. ಟೆಸ್ಟ್ ಹತ್ತಿರ ಬಂದರೆ ಓದಿದ್ದು ತಲೆಗೆ ಹತ್ತುವುದಿಲ್ಲ, ಸ್ವಲ್ಪ ಹೊತ್ತು ಸಣ್ಣ ಬ್ರಷ್ ಹಿಡಿದು ಕೂತರೆ ಮಾತ್ರ ಹತ್ತುತ್ತದೆ. ಕಾಲೇಜಿಗೆ ಹೊರಡುವ ಮೊದಲು ನಾವಿಬ್ಬರೂ ಅರ್ಧಕ್ಕೆ ಬಿಟ್ಟಿದ್ದನ್ನು ನೀವು ಸ್ವಲ್ಪ ಮುಂದುವರಿಸಿ ಕಳಿಸಿದ್ದಿರಿ. ಡಬ್ಬಿ ಬಿಚ್ಚಿ ಕಿರುಚಿಬಿಟ್ಟೆ. ರೂಮ್‌ಮೇಟ್ “ಏನೇ, ಚಿನ್ನದ ಸರ ಬಂತಾ?” ಅಂದಳು. “ಅದಕ್ಕಿಂತ ಜಾಸ್ತಿ ಕಣೇ” ಅಂದೆ.

ಆಮೇಲೆ ಸರಿಯಾಗಿ ನೋಡಿದೆ. ಪೈಲಟ್ ಕುರ್ಚಿ, ಹೊಗೆಕೊಳವೆಗಳು, ಪುಟಾಣಿ ಹಿಡಿಕೆಗಳು, ಬಣ್ಣ ಹಚ್ಚುವಾಗ ಹಿಡಿಯಲೆಂದು ಒಂದೊಂದರ ಅಡಿಗೂ ಚುಚ್ಚಿದ ಒಂದೊಂದು ಗುಂಡುಸೂಜಿ. ಸೂಜಿಗಳೆಲ್ಲ ಅಮ್ಮನ ಕೆಂಪು ಸೂಜಿದಿಂಬಿನಲ್ಲಿ.

ಅಪ್ಪ, ಅಕ್ಕಿಕಾಳಿನಷ್ಟು ಭಾಗವನ್ನು ಹಿಡಿದು ಬಣ್ಣ ಹಚ್ಚುವುದು ಹೇಗೆ ಅಂತ ಕಲಿಸಿದವರು ನೀವು. ಬೆರಳಲ್ಲಿ ಹಿಡಿದರೆ ಬೆರಳಿಗೇ ಬಣ್ಣ. ಕೊನೆಗೆ ವಿಮಾನಕ್ಕೆ ಅಂಟಿಸುವ ಬದಿಯನ್ನೇ ಹಿಡಿ, ಆ ಜಾಗ ಹೇಗೂ ಮುಚ್ಚಿಹೋಗುತ್ತದೆ ಅನ್ನುತ್ತಿದ್ದಿರಿ. ಚಕ್ರವಾದರೆ ನಡುವಿನ ತೂತಿಗೆ ಹಲ್ಲುಕಡ್ಡಿ. ಕುರ್ಚಿಯಾದರೆ ಬಾಟಲಿ ಮುಚ್ಚಳದ ಮೇಲೆ ಎರಡೂ ಕಡೆ ಅಂಟುವ ಟೇಪ್. ಏನು ಬೇಕಾದರೂ ಆಗಬಹುದಿತ್ತು, ಹೊಲಿಗೆ ಮಾಡುವ ಅಮ್ಮನ ಸೂಜಿ ಒಂದನ್ನು ಬಿಟ್ಟು. ಒಮ್ಮೆ ಒಂದೇ ಒಂದು ಮುಟ್ಟಿದ್ದಕ್ಕೆ ಅವಳು ಏನಂದಳು ನೆನಪಿದೆಯಾ? “ಗಿರಾಕಿ ಬಿಳಿ ಬಟ್ಟೆಗೆ ನಿಮ್ಮ ಹಸಿರು ಬಣ್ಣ ಹತ್ತಿದ್ರೆ ಉತ್ತರ ಕೊಡೋರ್ಯಾರು? ನಿಮ್ಮ ವಿಮಾನ ಹತ್ತಿ ಹಾರಿಹೋಗ್ತೀರಾ?” ಎರಡು ದಿನ ನೀವು ಅವಳ ಹೊಲಿಗೆ ಟೇಬಲ್ಲಿನ ಕಡೆ ತಲೆ ಹಾಕಿರಲಿಲ್ಲ.

ಈಗ ಹದಿನಾಲ್ಕು ಸೂಜಿ, ದಿಂಬಿನ ಸಮೇತ, ತಲೆಯವರೆಗೂ ಹಸಿರು ಮೆತ್ತಿಕೊಂಡು. ಅಮ್ಮ ಮನೆಯಲ್ಲಿದ್ದಿದ್ದರೆ ಇದು ಆಗುತ್ತಿತ್ತಾ?

ನನ್ನದೇ ಓವರ್‌ಥಿಂಕಿಂಗ್ ಅಂತ ಒಂದು ವಾರ ನನ್ನನ್ನೇ ಬೈದುಕೊಂಡೆ. ಶನಿವಾರ ತಡೆಯಲಾಗಲಿಲ್ಲ. ರೂಮ್‌ಮೇಟ್ ಫೋನನ್ನೂ ಇಸಕೊಂಡು ಒಂದು ಕಿವಿಗೆ ನಿಮ್ಮನ್ನು, ಇನ್ನೊಂದು ಕಿವಿಗೆ ಅಮ್ಮನನ್ನು ಇಟ್ಟುಕೊಂಡೆ. ನೀವು “ಅಮ್ಮ ಇಲ್ಲೇ ಅಡುಗೆಮನೇಲಿ ಇದಾಳೆ ಪುಟ್ಟಿ” ಅಂದಿರಿ. ಅಮ್ಮ “ಅಪ್ಪ ಇಲ್ಲೇ ಪೇಪರ್ ಓದ್ತಾ ಕೂತಿದಾರೆ ಕಣೆ” ಅಂದಳು. “ಹಾಗಾದ್ರೆ ಒಬ್ಬರನ್ನೊಬ್ಬರು ಜೋರಾಗಿ ಒಂದ್ಸಲ ಕರೀರಿ, ನಾನು ಕೇಳಿಸ್ಕೋತೀನಿ” ಅಂದೆ, ಇಬ್ಬರಿಗೂ ಸೇರಿಸಿ.

ಅಮ್ಮನ ಕಡೆ ಹೊಲಿಗೆ ಮಷೀನ್ ನಿಂತಿತು. ನೀವು ಕೆಮ್ಮಿದಿರಿ, “ಚಾರ್ಜ್ ಇಲ್ಲ ಪುಟ್ಟಿ” ಅಂತ ಇಟ್ಟುಬಿಟ್ಟಿರಿ.

ಅಮ್ಮನೇ ಹೇಳಿದಳು. ನನ್ನನ್ನು ಬಸ್ ಹತ್ತಿಸಿದ ಮರುವಾರವೇ ಮಷೀನ್ ಎತ್ತಿಕೊಂಡು ಬಟ್ಟೆ ಅಂಗಡಿಯ ಮೇಲಿನ ಬಾಡಿಗೆ ರೂಮಿಗೆ ಹೋದಳಂತೆ. ಹಳೇ ದಿಂಬು ಮರೆತು ಬಂದಳಂತೆ. ಐದು ತಿಂಗಳು! “ನಿನ್ನ ಪರೀಕ್ಷೆ ಮುಗೀಲಿ ಅಂತ ಇಬ್ರೂ ಮಾತಾಡ್ಕೊಂಡಿದ್ವಿ” ಅಂದಳು. ಒಂದೇ ಮನೆಯಲ್ಲಿ ಇರಲಾಗದವರು ನನಗೆ ಸುಳ್ಳು ಹೇಳುವುದಕ್ಕೆ ಮಾತ್ರ ಎಷ್ಟು ಚೆನ್ನಾಗಿ ಹೊಂದಿಕೊಂಡಿರಿ ಅಪ್ಪ!

ಯಾರ ತಪ್ಪು ಅಂತ ನಾನು ಕೇಳುತ್ತಿಲ್ಲ. ನನಗೆ ಹದಿನೆಂಟಾಯಿತು. ವೋಟ್ ಹಾಕಬಹುದು, ಆದರೆ ನಮ್ಮ ಮನೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ತಿಳಿಯಬಾರದು, ಅಲ್ಲವಾ? ಅದನ್ನೂ ಗುಂಡುಸೂಜಿ ನೋಡಿ ಕಂಡುಹಿಡಿಯಬೇಕು. ಆ ಪುಟ್ಟ ಪೈಲಟ್ ಕುರ್ಚಿಯನ್ನು ಸೂಜಿಯಿಂದ ಕಿತ್ತು ಗೋಡೆಗೆ ಎಸೆಯೋಣ ಅನಿಸಿತು. ನೀವು ಹಚ್ಚಿದ ಬಣ್ಣ ಬ್ರಷ್ಷಿನ ಒಂದು ಗೆರೆಯೂ ಇಲ್ಲದೆ ಬಂದಿತ್ತು. ಅದಕ್ಕೆ ಇನ್ನೂ ಸಿಟ್ಟು ಬಂತು.

ಬಿಪಿ ಮಾತ್ರೆ ತಪ್ಪಿಸಬೇಡಿ. ಅಡುಗೆ ನೀವೇ ಮಾಡಿಕೊಳ್ಳುತ್ತೀರಾ? ಬರೀ ಬ್ರೆಡ್ ತಿಂದು ಮಲಗಬೇಡಿ. ಚೆನ್ನಾಗಿರಿ ಅಪ್ಪ; ಸಿಟ್ಟಿನಲ್ಲಿ ಬರೆದರೂ ಇದು ಸುಳ್ಳಲ್ಲ.

ನಿಮ್ಮ
ಪುಟ್ಟಿ

ತಾ.ಕ.: ಇದನ್ನು ಕೇಳಬಾರದು ಅಂತ ಕವರ್ ಅಂಟಿಸಿದ್ದೆ, ಮತ್ತೆ ಹರಿದೆ. ಹತ್ತನೇ ವಯಸ್ಸಿಗೆ ನನ್ನನ್ನು ಹಾಸ್ಟೆಲ್ ಶಾಲೆಗೆ ಹಾಕಿದಿರಿ, ಒಳ್ಳೆ ಇಂಗ್ಲಿಷ್ ಬರಲಿ ಅಂದಿರಿ. ನಾನು ಗೇಟಿನ ಕಂಬಿ ಹಿಡಿದು ಅತ್ತರೂ ನೀವು ತಿರುಗಿ ನೋಡಲಿಲ್ಲ. ಶನಿವಾರ ಅಮ್ಮ ಬಾಯಿತಪ್ಪಿ “ಇದು ಇವತ್ತಿನದಲ್ಲ ಕಣೆ, ನೀನು ಐದನೇ ಕ್ಲಾಸಲ್ಲಿ ಇದ್ದಾಗಿಂದ” ಅಂದಳು. ನಿಮ್ಮ ಜಗಳ ನನಗೆ ಕೇಳಿಸಬಾರದು ಅಂತ ಕಳಿಸಿದ್ದಾ? ಎಂಟು ವರ್ಷ, ನಾನೇ ಏನೋ ತಪ್ಪು ಮಾಡಿದ್ದೆ ಅಂದುಕೊಂಡಿದ್ದೆ ಅಪ್ಪ. ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು. ದಯವಿಟ್ಟು ಬೇಗ ಬರೆಯಿರಿ.