ಬೆಲ್ಲದ ಕೋಣೆಯಲ್ಲಿ ಕಿರುಚಿದವನು ನಾನೇ

ಚಲನಚಿತ್ರಗಳಿಗೆ ಪ್ರಮಾಣಪತ್ರ ಕೊಡುವ ಮಾನ್ಯ ಅಧಿಕಾರಿಗಳೇ,

ನಮ್ಮ ‘ಬೆಲ್ಲದ ಕೋಣೆ’ ಚಿತ್ರದಲ್ಲಿ ಗೋಣಿಚೀಲದ ಮುಖವಾಡ ಹಾಕಿಕೊಂಡು ಐದು ಜನರನ್ನು ಮಚ್ಚಿನಿಂದ ಕಡಿಯುವ ಕೊಲೆಗಾರ ನಾನೇ. ಬೆಂಗಳೂರಿನಿಂದ ಯಾರೋ ಫೈಟರ್ ಬಂದು ಮಾಡಿಹೋದನೆಂದು ಮದ್ದೂರಿನಲ್ಲಿ ಎಲ್ಲರೂ ನಂಬಿದ್ದಾರೆ. ಟ್ರೇಲರ್ ನೋಡಿದ ನಮ್ಮವ್ವ ಮಂಗಳಮ್ಮನೂ “ಆ ರಾಕ್ಸಸನ ಕಣ್ಣು ನೋಡ್ಲಾ, ಯಾವ ತಾಯಿ ಎತ್ತವ್ಳೋ!” ಎಂದು ನನಗೇ ಹೇಳಿದ್ದಳು. ಈ ಗುಟ್ಟನ್ನು ನಾನು ಹೀಗೇ ಇಟ್ಟುಕೊಂಡಿರುತ್ತಿದ್ದೆ. ಆದರೆ ನೀವು ನಮ್ಮ ಕೊನೆಯ ದೃಶ್ಯವನ್ನೇ ಕತ್ತರಿಸಿ ಎಂದಿದ್ದೀರಿ. ಕೊಲೆಗಾರ ನಾನೋ ನೀವೋ?

ಕೊಲೆಗಾರನ ಚೀತ್ಕಾರ ನಟನೆಯಂತಿಲ್ಲ, ನಟನಿಗೆ ನಿಜವಾಗಿಯೇ ಹಿಂಸೆ ಕೊಟ್ಟಿರುವ ಶಂಕೆಯಿದೆ ಎಂದು ಬರೆದಿದ್ದೀರಿ. ಸತ್ತ ಯುವತಿ ಎದ್ದು ಬಂದು ಬಾಗಿಲು ತೆಗೆಯುವುದು ಮೂಢನಂಬಿಕೆಗೆ ಇಂಬು ಕೊಡುತ್ತದೆ ಎಂದೂ ಬರೆದಿದ್ದೀರಿ. ಐದು ಹೆಣ ಬೀಳುವವರೆಗೂ ತಾವು ಆರಾಮಾಗಿ ಕೂತು ನೋಡಿದಿರಿ. ಒಂದು ಜೀವ ಉಳಿದ ಕೂಡಲೇ ಕತ್ತರಿ ಕೈಗೆತ್ತಿಕೊಂಡಿರಿ.

ನಡೆದದ್ದು ಹೀಗೆ. ಇಡೀ ಚಿತ್ರ ನಡೆಯುವುದು ಒಂದೇ ಕೋಣೆಯಲ್ಲಿ: ಮಳವಳ್ಳಿ ರಸ್ತೆಯ ಕರಿಯಪ್ಪನವರ ಆಲೆಮನೆಯಲ್ಲಿ ಬೆಲ್ಲದಚ್ಚು ಜೋಡಿಸಿಡುವ, ಕಿಟಕಿಯಿಲ್ಲದ ಕೋಣೆ. ನಮ್ಮ ನಿರ್ದೇಶಕ ಚಿಕ್ಕಮಾದು ನನ್ನ ಗೆಳೆಯ. ಆಲೆಮನೆಯಲ್ಲಿ ನಿಂತುಕೊಂಡು ರಕ್ತಕ್ಕೆ ಯಾಕೆ ಪರದಾಡಬೇಕು ಎಂದು ಅವನು ಅಚ್ಚಿಗೆ ಹಾಕದ ನೀರುನೀರಾದ ಜೋನಿಬೆಲ್ಲಕ್ಕೆ ಕುಂಕುಮ ಕಲಸಿದ. ಕ್ಯಾಮೆರಾದಲ್ಲಿ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ, ಕಬ್ಬು ಜಗಿದು ಬೆಳೆದು, ಬೆಲ್ಲಕ್ಕೆ ಇರುವೆ ಬರುತ್ತದೆಂದು ಒಬ್ಬನಿಗೂ ಹೊಳೆಯಲಿಲ್ಲ. ಸಾಲದ್ದಕ್ಕೆ ಮುಖವಾಡ ಜಾರಬಾರದೆಂದು ಅದನ್ನು ನನ್ನ ಅಂಗಿಯ ಕಾಲರಿಗೇ ಸೇರಿಸಿ ಹೊಲಿದಿದ್ದರು.

ಕೊನೆಯ ದೃಶ್ಯದಲ್ಲಿ ನಾನು ಒಳಗಿನಿಂದ ಅಗುಳಿ ಹಾಕಿ, ಹೆಣಗಳ ನಡುವೆ ನಿಂತು ನಗಬೇಕಿತ್ತು. ಅಗುಳಿ ಹಾಕಿದೆ. ಬೆಲ್ಲದ ರಕ್ತ ಮೆತ್ತಿದ್ದ ಚೀಲದೊಳಗೆ ಕೆಂಪಿರುವೆಗಳು ಕಿವಿಯಿಂದ ಶುರುಮಾಡಿದವು. ಅಗುಳಿ ಎಳೆದರೆ ಬರಲಿಲ್ಲ.

“ಬಾಗ್ಲು ತಗೀರ್ಲಾ!” ಎಂದು ಕಿರುಚಿದೆ.

“ಬುಡ್ಬ್ಯಾಡ ಕಣ್ಲಾ, ಸಕತ್ತಾಗ್ ಬತ್ತಾ ಅದೆ!” ಎಂದ ಚಿಕ್ಕಮಾದು, ಕೋಣೆಯ ಮೂಲೆಯಲ್ಲಿದ್ದ ಕ್ಯಾಮೆರಾ ಹಿಂದಿನಿಂದ.

ಐದನೇ ಹೆಣವಾಗಿ ಮಲಗಿದ್ದ ನಮ್ಮ ನಾಯಕಿ ರಂಜಿತ ದಡಕ್ಕನೆ ಎದ್ದಳು. “ಲೇ ಮಾದು, ಅವ್ನು ಆಕ್ಟಿಂಗ್ ಮಾಡ್ತಿಲ್ಲ ಕಣ್ಲಾ! ಅವ್ನಿಗೆ ಅಷ್ಟ್ ಚೆನ್ನಾಗ್ ಬರಾಕಿಲ್ಲ!” ನನ್ನ ಮಚ್ಚಿನ ಹಿಡಿಯಿಂದಲೇ ಅಗುಳಿಗೆ ಹೊಡೆದು, ಬಾಗಿಲು ತೆಗೆದು, ನನ್ನನ್ನು ಬಿಸಿಲಿಗೆ ಎಳೆದುಕೊಂಡು ಹೋದಳು. ಅವರಿಬ್ಬರ ಮಾತನ್ನು ಮಾತ್ರ ತೆಗೆದು ಆ ದೃಶ್ಯವನ್ನೇ ಚಿತ್ರದ ಕೊನೆ ಮಾಡಿದ್ದೇವೆ. ಬರೆದುಕೊಂಡಿದ್ದ ಕೊನೆಗಿಂತ ಅದೇ ಚೆನ್ನಾಗಿತ್ತು.

ಇರುವೆಯದು ಅರ್ಧ ಕಿರುಚಾಟ ಅಷ್ಟೇ. ಮಿಕ್ಕರ್ಧ ಬಾಗಿಲಿನದು. ಮುಚ್ಚಿದ ಕೋಣೆಯಲ್ಲಿ ನನಗೆ ಉಸಿರು ಕಟ್ಟುತ್ತದೆ. ಒಂಬತ್ತನೇ ತರಗತಿಯಲ್ಲಿ ಮೇಷ್ಟ್ರು ಬಾಗಿಲು ಹಾಕಿ ಪಾಠ ಶುರುಮಾಡಿದಾಗ ಎದ್ದುಹೋದವನು ಮತ್ತೆ ಶಾಲೆ ಹತ್ತಲಿಲ್ಲ. ಓದು ತಲೆಗೆ ಹತ್ತಲಿಲ್ಲ ಎಂದು ಊರು ಅಂದುಕೊಂಡಿತು. ಅದೂ ಪೂರ್ತಿ ಸುಳ್ಳಲ್ಲ. ಈಗ ಎಳನೀರು ಲಾರಿಯಲ್ಲಿ ಲೋಡಿನ ಮೇಲೆ ಕೂತು ಓಡಾಡುತ್ತೇನೆ. ಇಂಥವನು, ಬಾಗಿಲು ಹಾಕಿ ಜನರನ್ನು ಹೆದರಿಸುವ ಪಾತ್ರ ಕೇಳಿ ಪಡೆದುಕೊಂಡೆ!

“ಕಿರ್ಚಾಟ ಡಬ್ಬಿಂಗು ಅಂತ ಬರ್ದ್ಕೊಟ್ಬುಡ್ಲಾ, ಸರ್ಟಿಫಿಕೇಟ್ ಬತ್ತದೆ” ಎನ್ನುತ್ತಾನೆ ಚಿಕ್ಕಮಾದು. ಬರೆದುಕೊಡಲಾರೆ. ಇಡೀ ಚಿತ್ರದಲ್ಲಿ ನನ್ನದೆಂದು ನಿಜವಾಗಿ ಇರುವುದು ಅದೊಂದೇ. ಅದನ್ನೂ ಸುಳ್ಳೆಂದರೆ ಉಳಿಯುವುದೇನು, ಗೋಣಿಚೀಲವೇ?

ಕಿರುಚಿದ ನಟ ಖುದ್ದಾಗಿ ಬಂದು, ಶಬ್ದ ಹೊರಹೋಗದ ನಿಮ್ಮ ಪ್ರದರ್ಶನ ಕೊಠಡಿಯಲ್ಲಿ ಕೂತು ಆ ದೃಶ್ಯ ನೋಡಿ ಹೇಳಿಕೆ ಕೊಡದಿದ್ದರೆ ದೃಶ್ಯ ತೆಗೆಸುವುದಾಗಿ ಹೇಳಿದ್ದೀರಿ. ಹೆದರಿಸುವ ಕಲೆ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು.

ದೃಶ್ಯವನ್ನು ಇದ್ದಂತೆಯೇ ಬಿಡಿ. ಹೆಣ ಎದ್ದದ್ದು ಮೂಢನಂಬಿಕೆಯಲ್ಲ, ರಂಜಿತಳ ಸ್ವಭಾವ. ನಾನು ಬರುತ್ತೇನೆ, ಕೂತು ನೋಡುತ್ತೇನೆ, ಇಲ್ಲಿ ಬರೆದದ್ದನ್ನೇ ಹೇಳುತ್ತೇನೆ. ಅಷ್ಟು ಹೊತ್ತು ಬಾಗಿಲು ತೆರೆದಿಟ್ಟರೆ ಉಪಕಾರ. ಹಾಕಲೇಬೇಕೆಂದರೆ ಹಾಕಿ, ಕಿರುಚಾಟ ನಟನೆಯೋ ಅಲ್ಲವೋ ಎಂಬುದನ್ನು ತಾವೇ ಹತ್ತಿರದಿಂದ ಪರಿಶೀಲಿಸಬಹುದು. ರಂಜಿತಳೂ ಜೊತೆಗೆ ಬರುತ್ತಾಳೆ, ಬಾಗಿಲ ಪಕ್ಕದ ಕುರ್ಚಿ ತನಗೇ ಬೇಕಂತೆ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇವೆ.

ಇಂತಿ,
ಐದು ಕೊಲೆ ಮಾಡಿ ಇರುವೆಗೆ ಸೋತ
ಜಯಪ್ರಕಾಶ್, ಸೋಮನಹಳ್ಳಿ