ಮೈಲಾರಿಯನ್ನು ಎರಡು ದಿನ ಒಳಗೆ ಹಾಕಿ

ಕಾರಾಗೃಹದ ಮಾನ್ಯ ಅಧೀಕ್ಷಕರೇ,

ಹದಿನಾಲ್ಕು ವರ್ಷ ಶಿಕ್ಷೆ ಅನುಭವಿಸಿ ಹೊರಬಿದ್ದ ಮನುಷ್ಯನೊಬ್ಬ ತಿಂಗಳಿಗೆರಡು ಸಲ ತಮ್ಮ ಬಾಗಿಲಿಗೆ ಬಂದು, ತನ್ನನ್ನು ಒಳಗೆ ಹಾಕಿರೆಂದು ಬೇಡುತ್ತಿದ್ದಾನೆ. ಅವನ ಕವಿತೆಗಳು ಒಳಗಿವೆ, ಅವನು ಹೊರಗಿದ್ದಾನೆ. ಈ ಬಗ್ಗೆ ನಾನು ಬರೆದ ಆರು ಅರ್ಜಿಗಳಿಗೂ ತಮ್ಮ ಕಚೇರಿ ಒಂದೇ ಉತ್ತರ ಕಳಿಸಿದ್ದರಿಂದ ಏಳನೆಯದನ್ನು ಪತ್ರಿಕೆಗೇ ಕೊಡುತ್ತಿದ್ದೇನೆ.

ಗೋಪನಕೊಪ್ಪದ ಮೈಲಾರಿ ೧೯೯೦ರಲ್ಲಿ ಗಟಾರದ ನೀರಿನ ಜಗಳದಲ್ಲಿ ನೆರೆಯವನಿಗೆ ಸಲಿಕೆಯಿಂದ ಹೊಡೆದ. ಆ ಮನುಷ್ಯ ಸತ್ತ. ಮೈಲಾರಿ ಅದನ್ನು ಎಂದೂ ಅಲ್ಲಗಳೆದವನಲ್ಲ. ವಾರಕ್ಕೊಮ್ಮೆ ಸಪ್ತಾಪುರದಿಂದ ಬಂದು ಕೈದಿಗಳಿಗೆ ಅಕ್ಷರ ಕಲಿಸುತ್ತಿದ್ದ ನನ್ನ ಮುಂದೆ ಅವನು ಕುಳಿತಾಗ ಅವನಿಗೆ ಮೂವತ್ತಾರು. ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಕಲಿತ ಮೇಲೆ ಮೊದಲ ಕಾಗದ ಬರೆದದ್ದು ಸತ್ತವನ ಹೆಂಡತಿ ಕಸ್ತೂರೆವ್ವನಿಗೆ. ಆಕೆ ಉತ್ತರಿಸಲಿಲ್ಲ. ಅಂದಿನಿಂದ ಅವನು ಕಾಗದ ಕಳಿಸುವುದನ್ನು ಬಿಟ್ಟ, ಬರೆಯುವುದನ್ನು ಬಿಡಲಿಲ್ಲ. ಹತ್ತು ವರ್ಷದಲ್ಲಿ ಆ ಕಳಿಸದ ಕಾಗದಗಳೇ ಮೂರು ನೋಟ್‌ಬುಕ್ಕು, ಅರವತ್ತೊಂದು ಕವಿತೆಗಳಾದವು.

ಬಿಡುಗಡೆಯ ದಿನ ನೋಟ್‌ಬುಕ್ಕುಗಳನ್ನು ಬಾಗಿಲಲ್ಲೇ ಇಳಿಸಿಕೊಂಡರು. ಜೈಲುಶಾಲೆಯ ಹಾಳೆ, ಆದ್ದರಿಂದ ಜೈಲಿನ ಸ್ವತ್ತು! ಹಾಳೆ ತಮ್ಮದು ಸರಿ, ಅದರ ಮೇಲಿನ ಪಶ್ಚಾತ್ತಾಪವೂ ಇಲಾಖೆಯದೇ? ಆ ವಾರವೇ ಕಸ್ತೂರೆವ್ವ ಅವನ ಮನೆಗೆ ಬಂದಳು. ಹೊಸ್ತಿಲು ದಾಟಲಿಲ್ಲ.

"ಒಂದ ಕಾಗದ ಬಂದಿತ್ತು. ಮತ್ತೇನೇನ ಬರದೀಯೋ, ಓದು. ಕೇಳ್ತೇನಿ," ಎಂದಳು.

ಓದಲು ಅವನ ಬಳಿ ಏನಿತ್ತು? ನೆನಪಿನಿಂದ ಹೇಳಹೋಗಿ ತೊದಲಿದ. ಆಕೆ ಹೊರಟುಹೋದಳು.

ತಮ್ಮ ಕಚೇರಿಯ ಉತ್ತರವನ್ನು ನಾನು ಬಾಯಿಪಾಠ ಮಾಡಿದ್ದೇನೆ: "ಸದರಿ ಪುಸ್ತಕಗಳು ಗ್ರಂಥಾಲಯಕ್ಕೆ ಸೇರಿದ್ದು, ಕೈದಿಗಳ ಉಪಯೋಗಕ್ಕೆ ಮಾತ್ರ ಮೀಸಲು." ಮೈಲಾರಿ ನಿಯಮ ಪಾಲಿಸುವ ಮನುಷ್ಯ. ಹಾಗಾದರೆ ಎರಡು ದಿನ ಒಳಗೆ ಹಾಕಿ, ನಕಲು ಮಾಡಿಕೊಂಡು ಬರುತ್ತೇನೆ ಎಂದ. ಅದಕ್ಕೆ ಏನಾದರೂ ಅಪರಾಧ ಮಾಡಿ ಬರಬೇಕಾಗುತ್ತದೆಂದು ಕಾವಲಿನವರು ಸಮಾಧಾನದಿಂದಲೇ ತಿಳಿಸಿದರು.

"ಒಮ್ಮೆ ಮಾಡೇನ್ರಿ," ಎಂದ ಮೈಲಾರಿ. "ಸಾಕಾಗೇದ."

ಕಳೆದ ತಿಂಗಳು ಹಜರತಅಲಿ ಎಂಬ ಕೈದಿ ಬಿಡುಗಡೆಯಾದ. ಬಾಗಿಲಲ್ಲಿ ಅವನ ಗಂಟನ್ನು ಜಾಲಾಡಿದವರಿಗೆ ಏನೂ ಸಿಗಲಿಲ್ಲ. ಅವನು ಗ್ರಂಥಾಲಯದಲ್ಲಿ ಓದಿದ ಮೈಲಾರಿಯ ನಾಲ್ಕು ಕವಿತೆಗಳನ್ನು ತಲೆಯಲ್ಲಿಟ್ಟುಕೊಂಡು ಬಂದಿದ್ದ. ಮೈಲಾರಿಯ ಅಂಗಳದಲ್ಲಿ ಕಸ್ತೂರೆವ್ವನನ್ನು ಕೂರಿಸಿ ಹೇಳತೊಡಗಿದ. ಮೂರನೆಯದರಲ್ಲಿ ಮೈಲಾರಿ ತಡೆದು, ಈ ಸಾಲು ತನ್ನದಲ್ಲ ಎಂದ. ಮೊದಲಿನದು ಸರಿಹೋಗುತ್ತಿರಲಿಲ್ಲ, ಒಳಗೆ ಎಲ್ಲರೂ ಸೇರಿ ತಿದ್ದಿದ್ದೇವೆ ಎಂದ ಹಜರತಅಲಿ. ಕವಿಗೂ ಓದುಗನಿಗೂ ಮಾತು ಬೆಳೆಯಿತು.

"ಯಾರದರ ಇರ್ಲಿ," ಎಂದಳು ಕಸ್ತೂರೆವ್ವ. "ಮುಂದ ಹೇಳು."

ಉಳಿದ ಐವತ್ತೇಳು ಒಳಗಿನ ಬೇರೆ ಬೇರೆಯವರಿಗೆ ಬಾಯಿಗೆ ಬರುತ್ತವಂತೆ. ಆದ್ದರಿಂದ ಮಾನ್ಯರೇ, ನೋಟ್‌ಬುಕ್ಕುಗಳನ್ನು ಕೊಡಿ. ಆಗದಿದ್ದರೆ ಮೈಲಾರಿಯನ್ನು ಎರಡು ದಿನ ಒಳಗೆ ಹಾಕಿ. ರೊಟ್ಟಿ ಅವನೇ ತರುತ್ತಾನೆ. ಅದಕ್ಕೂ ನಿಯಮವಿಲ್ಲವಾದರೆ, ಕವಿತೆ ಬಲ್ಲವರು ಯಾರು ಯಾವ ವರ್ಷ ಬಿಡುಗಡೆಯಾಗುತ್ತಾರೆಂಬ ಪಟ್ಟಿಯನ್ನಾದರೂ ಕಳಿಸಿ. ಕಸ್ತೂರೆವ್ವ ಕಾಯಲು ಸಿದ್ಧಳಿದ್ದಾಳೆ. ಆಕೆಗೀಗ ಅರವತ್ತೆಂಟು.

ಇಂತಿ,
ಯಾವ ಅಪರಾಧವನ್ನೂ ಮಾಡದ್ದರಿಂದ ತಮ್ಮ ಗ್ರಂಥಾಲಯಕ್ಕೆ ಅನರ್ಹಳಾದ
ಸುಕನ್ಯಾ
ಸಪ್ತಾಪುರ, ಧಾರವಾಡ, ೨೦೦೬